ಅವಶ್ಯಕ ಕೊಬ್ಬಿನಾಮ್ಲಗಳು: ಬೀಜದೆಣ್ಣೆ ವಿಷವೇ, ಮೀನೆಣ್ಣೆ ಅಮೃತವೇ?

ಅಡುಗೆ ಎಣ್ಣೆ ಮತ್ತು ಮೀನೆಣ್ಣೆ ಮಾತ್ರೆಗಳ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಯಾವುದನ್ನು ನಂಬಬೇಕೆಂದು ತೋಚದಿದ್ದರೆ ಅದು ಅವರ ತಪ್ಪಲ್ಲ. 2024ರ ಮೇ ತಿಂಗಳಲ್ಲಿ ಪ್ರಕಟವಾದ ಅಧ್ಯಯನವೊಂದು ಬ್ರಿಟನ್ನಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆಗಳನ್ನು ಪರಿಶೀಲಿಸಿತ್ತು. ಹೃದ್ರೋಗವಿಲ್ಲದವರು ನಿಯಮಿತವಾಗಿ ಮೀನೆಣ್ಣೆ ಮಾತ್ರೆ ಸೇವಿಸುತ್ತಿದ್ದರೆ ಅವರಲ್ಲಿ ಹೃದಯದ ಲಯ ತಪ್ಪುವ ಸಂಭವ ಶೇ 13ರಷ್ಟು ಹೆಚ್ಚು ಎಂದು ಅದು ಹೇಳಿತು. ಆಗಲೇ ಹೃದ್ರೋಗವಿದ್ದವರಲ್ಲಿ ಮಾತ್ರ ಅದೇ ಮಾತ್ರೆಯಿಂದ ಕಾಯಿಲೆ ಉಲ್ಬಣಿಸುವುದು ಕಡಿಮೆ ಎಂದೂ ಹೇಳಿತು. ಅದೇ ವರ್ಷ ಅಮೆರಿಕದಲ್ಲಿ ರಾಜಕಾರಣಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರು ಬೀಜಗಳಿಂದ ತೆಗೆದ ಎಣ್ಣೆಗಳು ಜನರಿಗೆ ವಿಷವುಣಿಸುತ್ತಿವೆ ಎಂದು ಆರೋಪಿಸಿದರು. ಮರುವರ್ಷ ಅವರೇ ಆ ದೇಶದ ಆರೋಗ್ಯ ಕಾರ್ಯದರ್ಶಿಯಾದರು. ಆದರೆ ಹೃದ್ರೋಗ ತಜ್ಞರ ಸಂಘಟನೆಗಳು ದಶಕಗಳಿಂದ ಶಿಫಾರಸು ಮಾಡುತ್ತ ಬಂದಿರುವುದು ಅದೇ ಬೀಜದೆಣ್ಣೆಗಳನ್ನು.

ಈ ಎರಡೂ ವಿವಾದಗಳ ಮೂಲದಲ್ಲಿರುವುದು ಅವಶ್ಯಕ ಕೊಬ್ಬಿನಾಮ್ಲಗಳು ಎಂಬ ಒಂದೇ ವಿಷಯ. ಇಲ್ಲಿ ‘ಅವಶ್ಯಕ’ ಎಂಬ ಮಾತಿಗೆ ವಿಜ್ಞಾನದಲ್ಲಿ ಬಹಳ ಇಕ್ಕಟ್ಟಾದ ಅರ್ಥವಿದೆ. ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆದ್ದರಿಂದ ಆಹಾರದಿಂದಲೇ ಬರಬೇಕು ಎಂಬುದಷ್ಟೇ ಅದರ ಅರ್ಥ. ಕೊರತೆಯಾದರೆ ಕಾಯಿಲೆ ಬರುತ್ತದೆ ಎಂಬುದರಿಂದ ಹೆಚ್ಚು ತಿಂದರೆ ಕಾಯಿಲೆ ತಪ್ಪುತ್ತದೆ ಎಂಬ ತೀರ್ಮಾನಕ್ಕೆ ಜಿಗಿಯುವುದು ಸುಲಭ, ಮತ್ತು ಗೊಂದಲದ ಬಹುಪಾಲು ಹುಟ್ಟಿರುವುದು ಆ ಜಿಗಿತದಲ್ಲಿಯೇ.

ಇಲಿಯ ಬಾಲದಿಂದ ಶುರುವಾದ ಕಥೆ

1920ರ ದಶಕದಲ್ಲಿ ಕೊಬ್ಬೆಂದರೆ ಶಕ್ತಿಯ ಉಗ್ರಾಣ ಎಂದಷ್ಟೇ ತಿಳಿಯಲಾಗಿತ್ತು. ಸಕ್ಕರೆ, ಪಿಷ್ಟಗಳಿಂದ ದೇಹ ತಾನೇ ಕೊಬ್ಬನ್ನು ಕಟ್ಟಿಕೊಳ್ಳಬಲ್ಲದಾದ್ದರಿಂದ ಆಹಾರದಲ್ಲಿ ಕೊಬ್ಬು ಇರಲೇಬೇಕೆಂದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. 1929ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇದನ್ನು ತಲೆಕೆಳಗು ಮಾಡಿದರು. ಶುದ್ಧೀಕರಿಸಿದ ಪ್ರೋಟೀನು, ಸಕ್ಕರೆ, ಲವಣ, ಜೀವಸತ್ವ ಎಲ್ಲವನ್ನೂ ಕೊಟ್ಟು ಕೊಬ್ಬನ್ನು ಮಾತ್ರ ಸಂಪೂರ್ಣ ತೆಗೆದ ಆಹಾರದ ಮೇಲೆ ಬೆಳೆಸಿದ ಇಲಿಗಳ ಬಾಲದ ಮೇಲೆ ಹೊಪ್ಪಳೆ ಏಳತೊಡಗಿತು, ಬೆಳವಣಿಗೆ ನಿಂತಿತು, ಮೂತ್ರಪಿಂಡಗಳು ಹಾಳಾದವು, ಕೊನೆಗೆ ಅವು ಸತ್ತವು. ಇನ್ನೂ ಬದುಕಿದ್ದ ಇಲಿಗಳಿಗೆ, ಬೀಜದೆಣ್ಣೆಗಳಲ್ಲಿ ಹೇರಳವಾಗಿರುವ ಲಿನೋಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ಕೆಲವೇ ಹನಿ ಕೊಟ್ಟಾಗ ಅವು ಚೇತರಿಸಿಕೊಂಡವು. ‘ಅವಶ್ಯಕ ಕೊಬ್ಬಿನಾಮ್ಲ’ ಎಂಬ ಹೆಸರು ಮರುವರ್ಷ ಅವರ ಬರಹದಿಂದಲೇ ಬಂತು. ಇಲ್ಲಿ ಮುಖ್ಯವಾದದ್ದು ‘ಹನಿ’ ಎಂಬ ಅಳತೆ.

ಮನುಷ್ಯರಲ್ಲಿ ಇದನ್ನು ತೋರಿಸುವುದು ಅಷ್ಟು ಸುಲಭವಾಗಲಿಲ್ಲ. ಸಂಶೋಧಕರೊಬ್ಬರು ಆರು ತಿಂಗಳ ಕಾಲ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ ಇರುವ ಆಹಾರವನ್ನೇ ತಿಂದರೂ ಅವರ ಚರ್ಮಕ್ಕೆ ಏನೂ ಆಗಲಿಲ್ಲ. 1938ರಲ್ಲಿ ಪ್ರಕಟವಾದ ಈ ಫಲಿತಾಂಶ ಇಡೀ ಸಿದ್ಧಾಂತದ ಬಗ್ಗೆಯೇ ಅನುಮಾನ ಹುಟ್ಟಿಸಿತು. ಕಾರಣ ಆಮೇಲೆ ತಿಳಿಯಿತು. ವಯಸ್ಕರ ಮೈಕೊಬ್ಬಿನಲ್ಲಿ ಲಿನೋಲಿಯಿಕ್ ಆಮ್ಲದ ದೊಡ್ಡ ದಾಸ್ತಾನಿರುತ್ತದೆ, ಅದರ ಅರ್ಧ ಕರಗುವುದಕ್ಕೇ ಸುಮಾರು ಎರಡು ವರ್ಷ ಬೇಕು. ಅಂಥ ದಾಸ್ತಾನಿಲ್ಲದ ಶಿಶುಗಳಲ್ಲಿ ಕೊರತೆ ಬೇಗ ಕಾಣಿಸಿತು. ಲಿನೋಲಿಯಿಕ್ ಆಮ್ಲ ಬಹಳ ಕಡಿಮೆ ಇದ್ದ ಹಾಲಿನ ಪುಡಿಯಲ್ಲಿ ಬೆಳೆದ ಮಕ್ಕಳ ಚರ್ಮ ಒಣಗಿ ಹೊಟ್ಟು ಉದುರುವುದನ್ನು ಆರಿಲ್ಡ್ ಹ್ಯಾನ್ಸನ್ ಮತ್ತು ಸಂಗಡಿಗರು 1963ರ ವರದಿಯಲ್ಲಿ ದಾಖಲಿಸಿದರು. ಒಟ್ಟು ಕ್ಯಾಲೊರಿಯ ಸುಮಾರು ಶೇ 1ರಷ್ಟು ಲಿನೋಲಿಯಿಕ್ ಆಮ್ಲ ಸಿಕ್ಕರೆ ಆ ಲಕ್ಷಣಗಳು ಮಾಯವಾಗುತ್ತಿದ್ದವು.

ನಡೆಯಲಾರದ ಹುಡುಗಿ

ಲಿನೋಲಿಯಿಕ್ ಆಮ್ಲ ಒಮೆಗಾ-6 ಗುಂಪಿಗೆ ಸೇರಿದ್ದು. ಒಮೆಗಾ-3 ಗುಂಪಿನ ಆಲ್ಫಾ ಲಿನೋಲೆನಿಕ್ ಆಮ್ಲವೂ ಮನುಷ್ಯನಿಗೆ ಅವಶ್ಯಕವೇ ಎಂಬ ಪ್ರಶ್ನೆ ಇನ್ನೂ ಬಹುಕಾಲ ಬಾಕಿ ಉಳಿದಿತ್ತು. 1982ರಲ್ಲಿ ರಾಲ್ಫ್ ಹೋಲ್ಮನ್ ಮತ್ತು ಸಹೋದ್ಯೋಗಿಗಳು ಆರು ವರ್ಷದ ಹುಡುಗಿಯೊಬ್ಬಳ ವೃತ್ತಾಂತವನ್ನು ಪ್ರಕಟಿಸಿದರು. ಹೊಟ್ಟೆಗೆ ಗುಂಡು ತಗುಲಿ ಕರುಳಿನ ದೊಡ್ಡ ಭಾಗವನ್ನು ಕಳೆದುಕೊಂಡಿದ್ದ ಆಕೆಗೆ ಎಲ್ಲ ಪೋಷಣೆಯೂ ರಕ್ತನಾಳದ ಮೂಲಕವೇ ಆಗಬೇಕಿತ್ತು. ಆ ದ್ರವದಲ್ಲಿದ್ದ ಕೊಬ್ಬು ಕುಸುಬೆ ಎಣ್ಣೆಯದು. ಕುಸುಬೆ ಎಣ್ಣೆಯಲ್ಲಿ ಒಮೆಗಾ-6 ಯಥೇಚ್ಛವಾಗಿರುತ್ತದೆ, ಒಮೆಗಾ-3 ಹೆಚ್ಚುಕಡಿಮೆ ಇರುವುದೇ ಇಲ್ಲ. ಸುಮಾರು ಐದು ತಿಂಗಳಾದ ಮೇಲೆ ಹುಡುಗಿಯ ಕೈಕಾಲು ಜೋಮು ಹಿಡಿಯತೊಡಗಿದವು, ಕಾಲು ನೋಯತೊಡಗಿದವು, ದೃಷ್ಟಿ ಮಂಜಾಯಿತು, ನಡೆಯುವುದೇ ಆಗದಂತಾಯಿತು. ಒಮೆಗಾ-3 ಕೂಡ ಇರುವ ಸೋಯಾ ಎಣ್ಣೆಗೆ ಬದಲಾಯಿಸಿದ ಮೇಲೆ ಈ ತೊಂದರೆಗಳು ಇಳಿದವು. ಆಕೆಗೆ ಬೇಕಾಗಿದ್ದ ಒಮೆಗಾ-3 ಒಟ್ಟು ಕ್ಯಾಲೊರಿಯ ಅರ್ಧ ಪ್ರತಿಶತದ ಆಸುಪಾಸು ಎಂದು ಹೋಲ್ಮನ್ ಲೆಕ್ಕ ಹಾಕಿದರು.

ಒಬ್ಬ ರೋಗಿಯ ಕಥೆಯಿಂದ ನಿಯಮ ಕಟ್ಟಲಾಗದು ಎಂಬ ಆಕ್ಷೇಪ ಆಗಲೇ ಬಂದಿತ್ತು, ಮತ್ತು ಅದು ನ್ಯಾಯವಾದ ಆಕ್ಷೇಪ. ಆದರೆ ನಳಿಗೆಯ ಮೂಲಕ ಆಹಾರ ಪಡೆಯುತ್ತಿದ್ದ ರೋಗಿಗಳಲ್ಲಿ ಒಮೆಗಾ-3 ಕೊರತೆಯ ಲಕ್ಷಣಗಳು ಕಂಡ ವರದಿಗಳು ಅದೇ ದಶಕದಲ್ಲಿ ನಾರ್ವೆಯಿಂದಲೂ ಬಂದವು. ಕುಸುಬೆ ಎಣ್ಣೆಯ ಈ ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬೀಜದೆಣ್ಣೆಯ ವಿವಾದದಲ್ಲಿ ಅದು ಮತ್ತೆ ಎದುರಾಗುತ್ತದೆ.

ಒಂದೇ ಕಿಣ್ವಕ್ಕೆ ಇಬ್ಬರು ಹಕ್ಕುದಾರರು

ಕೊಬ್ಬಿನಾಮ್ಲವೆಂದರೆ ಕಾರ್ಬನ್ ಪರಮಾಣುಗಳ ಒಂದು ಸರಪಳಿ. ಅದರ ಬಾಲದ ತುದಿಯಿಂದ ಎಣಿಸುತ್ತ ಬಂದಾಗ ಮೊದಲ ಜೋಡಿ ಬಂಧ ಮೂರನೆಯ ಕಾರ್ಬನ್ನಿನಲ್ಲಿ ಸಿಕ್ಕರೆ ಅದು ಒಮೆಗಾ-3, ಆರನೆಯದರಲ್ಲಿ ಸಿಕ್ಕರೆ ಒಮೆಗಾ-6. ಬಾಲದ ಅಷ್ಟು ಸಮೀಪದಲ್ಲಿ ಜೋಡಿ ಬಂಧ ಹೆಣೆಯುವ ಕಿಣ್ವ ಸಸ್ಯಗಳಲ್ಲಿದೆ, ಮನುಷ್ಯನಲ್ಲಿಲ್ಲ. ಇವೆರಡು ಹೊರಗಿನಿಂದಲೇ ಬರಬೇಕಾದ ಕಾರಣ ಇಷ್ಟೆ.

ಒಳಗೆ ಬಂದ ಮೇಲೆ ದೇಹ ಇವುಗಳನ್ನು ಇನ್ನಷ್ಟು ಉದ್ದ ಮಾಡುತ್ತದೆ. ಲಿನೋಲಿಯಿಕ್ ಆಮ್ಲ ಅರಾಕಿಡೋನಿಕ್ ಆಮ್ಲವಾಗುತ್ತದೆ. ಆಲ್ಫಾ ಲಿನೋಲೆನಿಕ್ ಆಮ್ಲ ಮೊದಲು ಇಪಿಎ, ಆಮೇಲೆ ಡಿಎಚ್‌ಎ ಆಗುತ್ತದೆ. ಮೀನೆಣ್ಣೆಯಲ್ಲಿರುವ ಮುಖ್ಯ ಒಮೆಗಾ-3 ಆಮ್ಲಗಳು ಈ ಎರಡೇ. ಮಿದುಳಿನಲ್ಲಿ ಮತ್ತು ಕಣ್ಣಿನ ಅಕ್ಷಿಪಟಲದಲ್ಲಿ ಹೇರಳವಾಗಿರುವುದು ಈ ಡಿಎಚ್‌ಎ. ತೊಡಕೆಂದರೆ ಎರಡೂ ಮೆರವಣಿಗೆಗಳು ಒಂದೇ ಕಿಣ್ವದ ಬಾಗಿಲಲ್ಲಿ ಹಾದುಹೋಗಬೇಕು, ಹಾಗಾಗಿ ಒಂದರ ನೂಕುನುಗ್ಗಲು ಹೆಚ್ಚಾದಾಗ ಇನ್ನೊಂದು ಹಿಂದೆ ಬೀಳುತ್ತದೆ. ಪೈಪೋಟಿ ಇಲ್ಲದಿದ್ದರೂ ಮನುಷ್ಯನಲ್ಲಿ ಈ ಕೆಲಸ ನಿಧಾನವೇ. ಬಹುತೇಕ ಅಂದಾಜುಗಳ ಪ್ರಕಾರ ಆಲ್ಫಾ ಲಿನೋಲೆನಿಕ್ ಆಮ್ಲದಲ್ಲಿ ಇಪಿಎ ಆಗುವುದು ಶೇ 10ಕ್ಕಿಂತ ಕಡಿಮೆ, ಡಿಎಚ್‌ಎ ಆಗುವುದು ಅದಕ್ಕಿಂತಲೂ ಬಹಳ ಕಡಿಮೆ. ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಲ್ಲಿ ಈ ಪ್ರಮಾಣ ಸ್ವಲ್ಪ ಹೆಚ್ಚು. ಈಸ್ಟ್ರೊಜೆನ್ ಇದಕ್ಕೆ ಕಾರಣವೆಂದು ತಿಳಿಯಲಾಗಿದೆ.

ಈ ಉದ್ದನೆಯ ಆಮ್ಲಗಳಿಂದ ಪ್ರೊಸ್ಟಾಗ್ಲಾಂಡಿನ್, ಥ್ರಾಂಬಾಕ್ಸೇನ್, ಲ್ಯೂಕೋಟ್ರೈಯಿನ್ ಎಂಬ ಸಂದೇಶವಾಹಕಗಳು ತಯಾರಾಗುತ್ತವೆ. ಉರಿಯೂತ, ರಕ್ತ ಹೆಪ್ಪುಗಟ್ಟುವಿಕೆ, ರಕ್ತನಾಳಗಳ ಬಿಗಿತ ಇವೆಲ್ಲ ಅವುಗಳ ಅಂಕೆಯಲ್ಲಿವೆ. ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುವ ಮೂಲಕವೇ ಆಸ್ಪಿರಿನ್ ನೋವು ಕಡಿಮೆ ಮಾಡುತ್ತದೆ ಎಂದು ತೋರಿಸಿದ ಜಾನ್ ವೇನ್ ಅವರು, ಸೂನೆ ಬರ್ಗ್‌ಸ್ಟ್ರೋಮ್ ಮತ್ತು ಬೆಂಗ್ಟ್ ಸ್ಯಾಮುಯೆಲ್ಸನ್ ಅವರೊಂದಿಗೆ 1982ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅರಾಕಿಡೋನಿಕ್ ಆಮ್ಲದಿಂದ ಹುಟ್ಟುವ ಸಂದೇಶವಾಹಕಗಳಲ್ಲಿ ಹಲವು ಉರಿಯೂತವನ್ನು ಹೆಚ್ಚಿಸುತ್ತವೆ, ಇಪಿಎಯಿಂದ ಹುಟ್ಟುವವು ಸಾಮಾನ್ಯವಾಗಿ ಸೌಮ್ಯ. ಒಮೆಗಾ-6 ಕೆಟ್ಟದ್ದು, ಒಮೆಗಾ-3 ಒಳ್ಳೆಯದು ಎಂಬ ಜನಪ್ರಿಯ ಸೂತ್ರ ಹೊರಟಿರುವುದು ಇಲ್ಲಿಂದ.

ಬೀಜದೆಣ್ಣೆಯ ಮೇಲಿನ ಆರೋಪ

ಸೂರ್ಯಕಾಂತಿ, ಮೆಕ್ಕೆಜೋಳ, ಸೋಯಾ, ಕುಸುಬೆ ಎಣ್ಣೆಗಳ ಬಳಕೆ ಇಪ್ಪತ್ತನೆಯ ಶತಮಾನದಲ್ಲಿ ಹಲವು ಪಟ್ಟು ಏರಿತು. ಹಿಂದೆ ಸಮಪ್ರಮಾಣದ ಹತ್ತಿರದಲ್ಲಿದ್ದ ಒಮೆಗಾ-6 ಮತ್ತು ಒಮೆಗಾ-3 ಈಗ ಹದಿನೈದಕ್ಕೆ ಒಂದರಂತಾಗಿವೆ, ಇದರಿಂದ ದೇಹದೊಳಗೆ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ ಎನ್ನುವುದು ಆರೋಪ ಮಾಡುವವರ ವಾದ. ಅವರ ಕೈಯಲ್ಲಿ ಬರಿಯ ಸಿದ್ಧಾಂತವಲ್ಲದೆ ಎರಡು ಹಳೆಯ ಪ್ರಯೋಗಗಳೂ ಇವೆ.

1968ರಿಂದ 1973ರವರೆಗೆ ಮಿನೆಸೋಟದ ಮನೋರೋಗ ಆಸ್ಪತ್ರೆಗಳಲ್ಲಿ ಮತ್ತು ಒಂದು ವೃದ್ಧರ ಶುಶ್ರೂಷಾಲಯದಲ್ಲಿ 9,423 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಬೆಣ್ಣೆಯಂಥವುಗಳಲ್ಲಿ ಹೆಚ್ಚಿರುವ ಸ್ಯಾಚುರೇಟೆಡ್ ಕೊಬ್ಬನ್ನು ಕಡಿಮೆ ಮಾಡಿ ಅದರ ಬದಲು ಮೆಕ್ಕೆಜೋಳದ ಎಣ್ಣೆ ಕೊಡಲಾಯಿತು. 2016ರಲ್ಲಿ ಕ್ರಿಸ್ಟೋಫರ್ ರಾಮ್ಸ್‌ಡೆನ್ ಮತ್ತು ಸಂಗಡಿಗರು ಆ ಹಳೆಯ ದಾಖಲೆಗಳನ್ನು ಹುಡುಕಿ ತೆಗೆದು ಮತ್ತೆ ವಿಶ್ಲೇಷಿಸಿದಾಗ ಕೊಲೆಸ್ಟರಾಲ್ ಇಳಿದಿದ್ದರೂ ಸಾವುಗಳು ಕಡಿಮೆಯಾಗಿರಲಿಲ್ಲ. ಇನ್ನೊಂದು, 1966ರಿಂದ 1973ರವರೆಗೆ ಸಿಡ್ನಿಯಲ್ಲಿ 458 ಗಂಡಸರ ಮೇಲೆ ನಡೆದದ್ದು. ಅದನ್ನೂ ಇದೇ ತಂಡ 2013ರಲ್ಲಿ ಮರುಪರಿಶೀಲಿಸಿತು. ಅಲ್ಲಿ ಹೊಸ ಆಹಾರ ಪಡೆದವರಲ್ಲಿ ಸತ್ತವರು ಶೇ 17.6, ಹಳೆಯ ಪದ್ಧತಿಯಲ್ಲೇ ಉಳಿದವರಲ್ಲಿ ಶೇ 11.8. ಸಿಡ್ನಿಯಲ್ಲಿ ಕೊಟ್ಟದ್ದು ಯಾವ ಎಣ್ಣೆ? ಕುಸುಬೆ ಎಣ್ಣೆ ಮತ್ತು ಕುಸುಬೆಯ ಮಾರ್ಗರೀನ್, ಅಂದರೆ ಎಣ್ಣೆಯಿಂದ ಮಾಡಿದ ಕೃತಕ ಬೆಣ್ಣೆ.

ಹುಡುಗಿಯ ಪ್ರಕರಣದ ಪಕ್ಕದಲ್ಲಿಟ್ಟು ನೋಡಿದಾಗ ಈ ಫಲಿತಾಂಶದ ಅರ್ಥ ಬದಲಾಗುತ್ತದೆ. ಸಿಡ್ನಿಯ ಗಂಡಸರಿಗೆ ಸಿಕ್ಕಿದ್ದು ಒಮೆಗಾ-3ರ ಜೊತೆಯಿಲ್ಲದ ಒಮೆಗಾ-6. ಎರಡೂ ಬಗೆಯ ಆಮ್ಲಗಳನ್ನು ಒಟ್ಟಿಗೆ ಕೊಟ್ಟ ಪ್ರಯೋಗಗಳು ಲಾಭದ ದಿಕ್ಕಿಗೂ, ಒಮೆಗಾ-6 ಒಂದನ್ನೇ ಕೊಟ್ಟ ಪ್ರಯೋಗಗಳು ಹಾನಿಯ ದಿಕ್ಕಿಗೂ ತೋರುತ್ತವೆ ಎಂಬುದು ರಾಮ್ಸ್‌ಡೆನ್ ಅವರದೇ ವಾದ. ಅದನ್ನು ‘ಬೀಜದೆಣ್ಣೆ ವಿಷ’ ಎಂದು ಚಿಕ್ಕದು ಮಾಡುವವರು ಆ ವಾದದ ಅರ್ಧವನ್ನು ಕೈಬಿಡುತ್ತಿದ್ದಾರೆ. ಇದಲ್ಲದೆ ಆ ಕಾಲದ ಮಾರ್ಗರೀನುಗಳಲ್ಲಿ, ಎಣ್ಣೆಯನ್ನು ಗಟ್ಟಿಗೊಳಿಸುವಾಗ ಹುಟ್ಟುವ ಮತ್ತು ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಇದ್ದಿರಬಹುದೆಂಬ ಆಕ್ಷೇಪವಿದೆ. ಮಿನೆಸೋಟದ ಪ್ರಯೋಗದಲ್ಲಂತೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದವರು ಸುಮಾರು ಕಾಲುಭಾಗದಷ್ಟು ಜನ ಮಾತ್ರ.

ಎದುರುಪಕ್ಷದ ಸಾಕ್ಷ್ಯ

ಬೀಜದೆಣ್ಣೆಯ ಪರವಾಗಿ ನಿಲ್ಲುವವರ ಬಳಿಯೂ ಗಟ್ಟಿ ಸಾಮಗ್ರಿ ಇದೆ. ಸ್ಯಾಚುರೇಟೆಡ್ ಕೊಬ್ಬಿನ ಜಾಗದಲ್ಲಿ ಬಹು ಅಸಂತೃಪ್ತ (ಒಂದಕ್ಕಿಂತ ಹೆಚ್ಚು ಜೋಡಿ ಬಂಧಗಳಿರುವ ಕೊಬ್ಬಿನ) ಎಣ್ಣೆಗಳನ್ನು ಬಳಸಿದ ಉತ್ತಮ ಗುಣಮಟ್ಟದ ಪ್ರಯೋಗಗಳಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಸುಮಾರು ಶೇ 30ರಷ್ಟು ಇಳಿಯಿತು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿತು. ಆ ಪಟ್ಟಿಗೆ ಯಾವ ಪ್ರಯೋಗ ಸೇರಬೇಕು, ಯಾವುದು ಸೇರಬಾರದು ಎಂಬ ಜಗಳ ಇನ್ನೂ ತೀರಿಲ್ಲ ಎಂಬುದು ನಿಜ. ಆದರೆ 2019ರಲ್ಲಿ ಬೇರೊಂದು ದಾರಿಯಿಂದಲೂ ಉತ್ತರ ಬಂತು. ಜನ ಏನು ತಿಂದರೆಂದು ಕೇಳುವ ಬದಲು ಅವರ ರಕ್ತದಲ್ಲಿ ಮತ್ತು ಮೈಕೊಬ್ಬಿನಲ್ಲಿ ಲಿನೋಲಿಯಿಕ್ ಆಮ್ಲ ಎಷ್ಟಿದೆ ಎಂದು ಅಳೆದ 30 ದೀರ್ಘಕಾಲಿಕ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಆ ಪ್ರಮಾಣ ಹೆಚ್ಚಿದ್ದವರಲ್ಲಿ ಹೃದ್ರೋಗದಿಂದ ಸಾಯುವ ಸಂಭವ ಕಡಿಮೆ ಇತ್ತು. ಇದು ಜೊತೆಜೊತೆಗೆ ಕಂಡ ಸಂಬಂಧವಷ್ಟೇ, ಒಂದು ಇನ್ನೊಂದಕ್ಕೆ ಕಾರಣವೆಂಬುದಕ್ಕೆ ಪುರಾವೆಯಲ್ಲ. ಹಾಗಿದ್ದರೂ ಲಿನೋಲಿಯಿಕ್ ಆಮ್ಲ ನಿಧಾನ ವಿಷವೇ ಆಗಿದ್ದರೆ ಸಾವಿನ ಲೆಕ್ಕ ಈ ದಿಕ್ಕಿಗೆ ವಾಲುವುದು ಹೇಗೆ ಎಂಬ ಪ್ರಶ್ನೆಯನ್ನು ಆರೋಪ ಮಾಡುವವರು ಎದುರಿಸಲೇಬೇಕು.

ಉರಿಯೂತದ ವಾದವೂ ಕಾಗದದ ಮೇಲಿದ್ದಷ್ಟು ಗಟ್ಟಿಯಾಗಿ ದೇಹದೊಳಗೆ ನಿಲ್ಲಲಿಲ್ಲ. ಆಹಾರದಲ್ಲಿ ಲಿನೋಲಿಯಿಕ್ ಆಮ್ಲವನ್ನು ಆರು ಪಟ್ಟು ಏರಿಸಿದರೂ ಅಂಗಾಂಶಗಳಲ್ಲಿ ಅರಾಕಿಡೋನಿಕ್ ಆಮ್ಲ ಗಮನಾರ್ಹವಾಗಿ ಏರುವುದಿಲ್ಲ ಎಂದು 2011ರ ಸಮೀಕ್ಷೆಯೊಂದು ಕಂಡುಕೊಂಡಿತು. ದೇಹ ಅದನ್ನು ಬಿಗಿಯಾಗಿ ನಿಯಂತ್ರಿಸುತ್ತದೆ. ಅರಾಕಿಡೋನಿಕ್ ಆಮ್ಲದಿಂದಲೇ ಉರಿಯೂತವನ್ನು ಶಮನ ಮಾಡುವ ಲಿಪಾಕ್ಸಿನ್‌ಗಳೂ ಹುಟ್ಟುತ್ತವೆ. ಇನ್ನು ಅನುಪಾತದ ಮಾತು ಕೇಳಲು ಅಂದವಾಗಿದ್ದರೂ ಅಳತೆಗೋಲಾಗಿ ಕೆಲಸಕ್ಕೆ ಬಾರದು. ಎರಡೂ ಆಮ್ಲಗಳ ಕೊರತೆ ಇರುವವನ ಅನುಪಾತವೂ ಒಂದಕ್ಕೆ ಒಂದೇ ಇರಬಹುದು! ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ 2008ರ ಜಂಟಿ ತಜ್ಞ ಸಮಾಲೋಚನೆ ಯಾವುದೇ ಅನುಪಾತವನ್ನು ಶಿಫಾರಸು ಮಾಡದೆ, ಪ್ರತಿಯೊಂದಕ್ಕೂ ಪ್ರತ್ಯೇಕ ಪ್ರಮಾಣ ಸೂಚಿಸಿದ್ದು ಈ ಹಿನ್ನೆಲೆಯಲ್ಲಿ ಸರಿಯಾದ ನಿರ್ಧಾರ.

ಮೀನೆಣ್ಣೆಯ ಏರಿಳಿತ

ಮೀನೆಣ್ಣೆಯ ಖ್ಯಾತಿ ಶುರುವಾದದ್ದು ಗ್ರೀನ್‌ಲ್ಯಾಂಡಿನಿಂದ. 1970ರ ದಶಕದಲ್ಲಿ ಡೆನ್ಮಾರ್ಕಿನ ಹಾನ್ಸ್ ಓಲಾಫ್ ಬ್ಯಾಂಗ್ ಮತ್ತು ಯೋರ್ನ್ ಡೈಯರ್‌ಬರ್ಗ್ ಅಲ್ಲಿನ ಇನ್ಯೂಟ್ ಜನರ ರಕ್ತವನ್ನು ಪರೀಕ್ಷಿಸಿ, ಸೀಲ್ ಮತ್ತು ಮೀನಿನ ಕೊಬ್ಬು ಅವರನ್ನು ಹೃದಯಾಘಾತದಿಂದ ಕಾಪಾಡುತ್ತಿರಬಹುದು ಎಂದರು. 1989ರಲ್ಲಿ ಬ್ರಿಟನ್ನಿನ 2,033 ಗಂಡಸರ ಪ್ರಯೋಗದಲ್ಲಿ, ಹೃದಯಾಘಾತದ ನಂತರ ಎಣ್ಣೆಯಂಶದ ಮೀನು ತಿನ್ನಲು ಸಲಹೆ ಪಡೆದವರಲ್ಲಿ ಎರಡು ವರ್ಷಗಳಲ್ಲಿ ಸಾವು ಶೇ 29ರಷ್ಟು ಕಡಿಮೆಯಾಯಿತು. 1999ರಲ್ಲಿ ಇಟಲಿಯ 11,324 ರೋಗಿಗಳಿಗೆ ದಿನಕ್ಕೆ ಒಂದು ಗ್ರಾಂ ಮಾತ್ರೆ ಕೊಟ್ಟ ಪ್ರಯೋಗವೂ ಯಶಸ್ವಿಯಾಯಿತು. ಮಾತ್ರೆಗಳ ಮಾರುಕಟ್ಟೆ ಬೆಳೆದದ್ದು ಈ ಯಶಸ್ಸಿನ ಬೆನ್ನೇರಿ.

ಆಮೇಲಿನ ದೊಡ್ಡ ಪ್ರಯೋಗಗಳು ಆ ಯಶಸ್ಸನ್ನು ಮತ್ತೆ ತೋರಿಸಲಿಲ್ಲ. 2018ರಲ್ಲಿ ಫಲಿತಾಂಶ ಕೊಟ್ಟ ಎರಡರಲ್ಲಿ, 15,480 ಮಧುಮೇಹಿಗಳ ‘ಅಸೆಂಡ್’ ಮತ್ತು 25,871 ಆರೋಗ್ಯವಂತರ ‘ವೈಟಲ್’, ದಿನಕ್ಕೊಂದು ಗ್ರಾಂ ಮಾತ್ರೆಯಿಂದ ಹೃದಯ ಮತ್ತು ರಕ್ತನಾಳಗಳ ತೊಂದರೆ ತಡೆಯುವ ಮುಖ್ಯ ಗುರಿಯಲ್ಲಿ ಪ್ರಯೋಜನ ಕಾಣಲಿಲ್ಲ. ಅದೇ ವರ್ಷಾಂತ್ಯದಲ್ಲಿ ಯುರೋಪಿನ ಔಷಧ ಸಂಸ್ಥೆ, ಹೃದಯಾಘಾತವಾದವರಲ್ಲಿ ಮತ್ತೊಮ್ಮೆ ತೊಂದರೆಯಾಗದಂತೆ ತಡೆಯಲು ಒಮೆಗಾ-3 ಔಷಧ ಪರಿಣಾಮಕಾರಿಯಲ್ಲ ಎಂಬ ನಿಲುವಿಗೆ ಬಂತು. ಹಳೆಯ ಪ್ರಯೋಗಗಳು ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ಈ ನಡುವೆ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳು ಬಂದವು, ರಕ್ತನಾಳಕ್ಕೆ ಸ್ಟೆಂಟ್ ಹಾಕುವುದು ಸಾಮಾನ್ಯವಾಯಿತು, ಹೃದಯಾಘಾತದ ನಂತರ ಬದುಕುಳಿಯುವವರು ಹೆಚ್ಚಾದರು. ತಡೆಯಬೇಕಾದ ಅಪಾಯವೇ ಕುಗ್ಗಿದಾಗ ಮೀನೆಣ್ಣೆ ಮಾಡಬಹುದಾದ ಕೆಲಸವೂ ಕುಗ್ಗಿತು ಎಂಬ ವಿವರಣೆ ಹೆಚ್ಚು ಸಮಂಜಸವಾಗಿ ಕಾಣುತ್ತದೆ.

ನಿಜವಾದ ತಗಾದೆ ಇರುವುದು ದೊಡ್ಡ ಪ್ರಮಾಣದ ಬಗ್ಗೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದ್ದು ಸ್ಟಾಟಿನ್ ತೆಗೆದುಕೊಳ್ಳುತ್ತಿದ್ದ 8,179 ಜನರಿಗೆ ಶುದ್ಧೀಕರಿಸಿದ ಇಪಿಎಯನ್ನು ದಿನಕ್ಕೆ 4 ಗ್ರಾಂನಂತೆ ಕೊಟ್ಟ 2018ರ ‘ರೆಡ್ಯೂಸ್-ಇಟ್’ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಘಟನೆಗಳು ಶೇ 25ರಷ್ಟು ಇಳಿದವು. ಎರಡು ವರ್ಷದ ನಂತರ 13,078 ಜನರಿಗೆ ಇಪಿಎ ಮತ್ತು ಡಿಎಚ್‌ಎ ಸೇರಿಸಿ ಅಷ್ಟೇ ಪ್ರಮಾಣ ಕೊಟ್ಟ ‘ಸ್ಟ್ರೆಂಥ್’ ಪ್ರಯೋಗವನ್ನು ಫಲ ಸಿಗುವ ಸೂಚನೆಯಿಲ್ಲವೆಂದು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ವ್ಯತ್ಯಾಸಕ್ಕೆ ಕಾರಣ ಔಷಧವೋ, ಹೋಲಿಕೆಗೆ ಕೊಟ್ಟ ಎಣ್ಣೆಯೋ? ಮೊದಲನೆಯದರಲ್ಲಿ ಹೋಲಿಕೆಯ ಗುಂಪಿಗೆ ಕೊಟ್ಟದ್ದು ಖನಿಜ ತೈಲ (ಔಷಧಕ್ಕೆ ಬಳಸುವ ಶುದ್ಧ ಪ್ಯಾರಾಫಿನ್ ಎಣ್ಣೆ), ಆ ಗುಂಪಿನವರ ಕೆಟ್ಟ ಕೊಲೆಸ್ಟರಾಲ್ ಮತ್ತು ಉರಿಯೂತದ ಗುರುತುಗಳು ಏರಿದ್ದವು. ಎರಡನೆಯದರಲ್ಲಿ ಕೊಟ್ಟದ್ದು ಮೆಕ್ಕೆಜೋಳದ ಎಣ್ಣೆ. ಔಷಧ ಪಡೆದವರು ಸುಧಾರಿಸಿದರೋ, ಪಕ್ಕದ ಗುಂಪಿನವರು ಹದಗೆಟ್ಟರೋ ಎಂಬ ವಾದ ಇನ್ನೂ ಮುಗಿದಿಲ್ಲ.

ಎರಡೂ ಪ್ರಯೋಗಗಳು ಒಂದು ವಿಷಯದಲ್ಲಿ ಮಾತ್ರ ಒಪ್ಪುತ್ತವೆ. ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಎರಡರಲ್ಲೂ ಹೆಚ್ಚಿತ್ತು. ರೆಡ್ಯೂಸ್-ಇಟ್‌ನಲ್ಲಿ ಇದರಿಂದ ಆಸ್ಪತ್ರೆ ಸೇರಿದವರು ಔಷಧದ ಗುಂಪಿನಲ್ಲಿ ಶೇ 3.1, ಹೋಲಿಕೆಯ ಗುಂಪಿನಲ್ಲಿ ಶೇ 2.1. ನೂರು ಜನರಲ್ಲಿ ಒಬ್ಬರು ಹೆಚ್ಚು. ಪ್ರಮಾಣ ಏರಿದಂತೆ ಅಪಾಯ ಏರುತ್ತದೆ, ದಿನಕ್ಕೆ 4 ಗ್ರಾಂನಲ್ಲಿ ಅದು ಗರಿಷ್ಠ ಎಂದು ಯುರೋಪಿನ ಔಷಧ ಸಂಸ್ಥೆ 2023ರಲ್ಲಿ ಎಚ್ಚರಿಸಿತು.

ಹಾಗಾದರೆ ಎಷ್ಟು?

ಮೇಲೆ ಹೇಳಿದ ಜಂಟಿ ಸಮಾಲೋಚನೆಯ ಪ್ರಕಾರ ಲಿನೋಲಿಯಿಕ್ ಆಮ್ಲ ಒಟ್ಟು ಕ್ಯಾಲೊರಿಯ ಶೇ 2.5ರಿಂದ 9ರವರೆಗೆ, ಆಲ್ಫಾ ಲಿನೋಲೆನಿಕ್ ಆಮ್ಲ ಕನಿಷ್ಠ ಶೇ 0.5, ಇಪಿಎ ಮತ್ತು ಡಿಎಚ್‌ಎ ಸೇರಿ ದಿನಕ್ಕೆ 250 ಮಿಲಿಗ್ರಾಂ ಇದ್ದರೆ ವಯಸ್ಕರಿಗೆ ಸಾಕು. ಕಾಲು ಗ್ರಾಂಗೂ ಪ್ರಯೋಗಗಳ ನಾಲ್ಕು ಗ್ರಾಂಗೂ ಹದಿನಾರು ಪಟ್ಟಿನ ಅಂತರ. ಒಂದು ಆಹಾರ, ಇನ್ನೊಂದು ಔಷಧ; ಸುದ್ದಿಗಳಲ್ಲಿ ಎರಡಕ್ಕೂ ಒಂದೇ ಹೆಸರು. ಡಬ್ಬಿಯ ಮೇಲಿನ ಬರಹವೂ ಈ ಗೊಂದಲಕ್ಕೆ ಕೈಜೋಡಿಸುತ್ತದೆ. ಮುಂದೆ ದಪ್ಪಕ್ಷರದಲ್ಲಿ 1,000 ಮಿಲಿಗ್ರಾಂ ಮೀನೆಣ್ಣೆ ಎಂದಿರುವ ಸಾಮಾನ್ಯ ಮಾತ್ರೆಯ ಹಿಂಬದಿಯ ಸಣ್ಣಕ್ಷರ ಓದಿದರೆ ಇಪಿಎ 180, ಡಿಎಚ್‌ಎ 120 ಮಿಲಿಗ್ರಾಂ ಎಂದಿರುತ್ತದೆ. ಉಳಿದದ್ದೆಲ್ಲ ಬೇರೆ ಕೊಬ್ಬು.

ಪ್ರಯೋಜನ ಹೆಚ್ಚು ಸ್ಪಷ್ಟವಾಗಿರುವುದು ಗರ್ಭಾವಸ್ಥೆಯಲ್ಲಿ. ಕೊನೆಯ ಮೂರು ತಿಂಗಳಲ್ಲಿ ಭ್ರೂಣದ ಮಿದುಳು ಡಿಎಚ್‌ಎಯನ್ನು ವೇಗವಾಗಿ ಸೇರಿಸಿಕೊಳ್ಳುತ್ತದೆ. 70 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಾಕ್ಷ್ಯ ಪರಿಶೀಲನಾ ಸಂಸ್ಥೆಯ 2018ರ ಸಮೀಕ್ಷೆ, ಒಮೆಗಾ-3 ಪಡೆದವರಲ್ಲಿ 37 ವಾರಕ್ಕೆ ಮೊದಲಿನ ಹೆರಿಗೆ ಶೇ 11ರಷ್ಟು, 34 ವಾರಕ್ಕೆ ಮೊದಲಿನ ಹೆರಿಗೆ ಶೇ 42ರಷ್ಟು ಕಡಿಮೆ ಎಂದು ಕಂಡುಕೊಂಡಿತು. ಮರುವರ್ಷ ಆಸ್ಟ್ರೇಲಿಯಾದ ದೊಡ್ಡ ಪ್ರಯೋಗವೊಂದರಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಕೊರತೆ ಇದ್ದಲ್ಲಿ ಪೂರೈಕೆಯಿಂದ ಲಾಭ, ಇಲ್ಲದಲ್ಲಿ ಇಲ್ಲ ಎಂದುಕೊಂಡರೆ ಎರಡೂ ಫಲಿತಾಂಶಗಳು ಹೊಂದಿಕೊಳ್ಳುತ್ತವೆ.

ಸಸ್ಯಾಹಾರಿಗಳ ರಕ್ತದಲ್ಲಿ ಇಪಿಎ, ಡಿಎಚ್‌ಎ ಕಡಿಮೆ ಇರುತ್ತವೆಯೇ ಹೊರತು ಸೊನ್ನೆಯಾಗುವುದಿಲ್ಲ. ಅಗಸೆ, ಚಿಯಾ, ಅಕ್ರೋಟು, ಸಾಸಿವೆ ಎಣ್ಣೆಗಳಿಂದ ಮೂಲವಸ್ತು ಸಿಗುತ್ತದೆ. ಅಗಸೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3. ಆದರೆ ಅದು ಗಾಳಿಯೊಂದಿಗೆ ಬೇಗ ಪ್ರತಿಕ್ರಿಯಿಸಿ ಗಟ್ಟಿ ಪೊರೆ ಕಟ್ಟುವುದರಿಂದಲೇ ಚಿತ್ರಕಾರರು ಶತಮಾನಗಳಿಂದ ಬಣ್ಣ ಕಲಸಲು ಅದನ್ನು ಆರಿಸಿಕೊಂಡಿದ್ದಾರೆ. ಅಂಥ ಎಣ್ಣೆಯಲ್ಲಿ ಕರಿಯುವುದು ಸಲ್ಲದು.

ಮುಂದಿನ ಪರಿಣಾಮಗಳು

ಬೀಜದೆಣ್ಣೆಯ ಭಯದಿಂದ ಜನ ಅದನ್ನು ಬಿಟ್ಟು ಯಾವುದಕ್ಕೆ ಹೋಗುತ್ತಾರೆ ಎಂಬುದರ ಮೇಲೆ ಪರಿಣಾಮ ನಿಂತಿದೆ. ಅಮೆರಿಕದ ಕೆಲವು ಉಪಾಹಾರ ಮಳಿಗೆಗಳು ದನದ ಕೊಬ್ಬಿಗೆ ಮರಳಿವೆ. ಅದರಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್ ಕೊಬ್ಬು, ಹಾಗಾಗಿ ಕೆಟ್ಟ ಕೊಲೆಸ್ಟರಾಲ್ ಏರುವುದು ನಿರೀಕ್ಷಿತ. ಆಹಾರ ಉದ್ಯಮ ಇನ್ನೊಂದು ದಾರಿಯನ್ನೂ ಹಿಡಿದಿದೆ: ಲಿನೋಲಿಯಿಕ್ ಆಮ್ಲ ಕಡಿಮೆ, ಆಲಿವ್ ಎಣ್ಣೆಯಲ್ಲಿರುವಂಥ ಓಲಿಯಿಕ್ ಆಮ್ಲ ಹೆಚ್ಚು ಇರುವ ಸೂರ್ಯಕಾಂತಿ ತಳಿಗಳು. ಇವುಗಳ ಎಣ್ಣೆ ಕರಿಯಲು ಬಾಳಿಕೆ ಬರುತ್ತದೆ, ಆದರೆ ಹೆಸರು ಒಂದೇ ಆದರೂ ಒಳಗಿನ ಕೊಬ್ಬು ಬೇರೆ.

ಮೀನೆಣ್ಣೆಯ ಕಡೆ ತೊಡಕು ಸಮುದ್ರದ್ದು. ಇಪಿಎ, ಡಿಎಚ್‌ಎಗಳನ್ನು ಮೂಲತಃ ತಯಾರಿಸುವುದು ಸೂಕ್ಷ್ಮ ಪಾಚಿಗಳು, ಮೀನು ಅದನ್ನು ತಿಂದು ಕೂಡಿಟ್ಟುಕೊಳ್ಳುತ್ತದೆ. ಪಾಚಿಯಿಂದಲೇ ನೇರವಾಗಿ ತೆಗೆದ ಎಣ್ಣೆ ಈಗ ಸಿಗುತ್ತದಾದರೂ ಜಗತ್ತಿನ ಪೂರೈಕೆ ಬಹುಪಾಲು ನಿಂತಿರುವುದು ಪೆರು ದೇಶದ ಆಂಚೊವಿಯಂಥ ಸಣ್ಣ ಮೀನಿನ ಮೇಲೆ. 2023ರಲ್ಲಿ ಸಮುದ್ರದ ನೀರನ್ನು ಬೆಚ್ಚಗಾಗಿಸುವ ಎಲ್ ನಿನೊ ಕಾಣಿಸಿಕೊಂಡು ಬಲೆಗೆ ಬರೀ ಮರಿಗಳೇ ಬೀಳತೊಡಗಿದಾಗ ಪೆರು ವರ್ಷದ ಮೊದಲ ಮೀನುಗಾರಿಕೆ ಋತುವನ್ನೇ ರದ್ದು ಮಾಡಿತು, ಮೀನೆಣ್ಣೆಯ ಬೆಲೆ ದಾಖಲೆ ಮಟ್ಟಕ್ಕೇರಿತು. ಈ ಎಣ್ಣೆಯ ಹೆಚ್ಚಿನ ಪಾಲು ಮಾತ್ರೆಗೆ ಹೋಗದೆ ಸಾಕಣೆ ಮೀನಿನ ಮೇವಿಗೆ ಹೋಗುತ್ತದೆ, ಸಾಲದ್ದನ್ನು ಸಸ್ಯದ ಎಣ್ಣೆಯಿಂದ ತುಂಬಿಸಲಾಗುತ್ತದೆ. ಫಲವಾಗಿ ಸ್ಕಾಟ್ಲೆಂಡಿನ ಸಾಕಣೆ ಸಾಲ್ಮನ್ ಮೀನಿನಲ್ಲಿ ಇಪಿಎ ಮತ್ತು ಡಿಎಚ್‌ಎ 2006ರಿಂದ 2015ರೊಳಗೆ ಅರ್ಧಕ್ಕಿಳಿದವು. ಮೊದಲು ಒಂದು ತುಂಡಿನಿಂದ ಸಿಗುತ್ತಿದ್ದ ಒಮೆಗಾ-3ಕ್ಕೆ ಈಗ ಎರಡು ತುಂಡು ತಿನ್ನಬೇಕಾಗಿದೆ.